ಮನೆ ಕೊಡುವುದಿಲ್ಲ ಎಂದ ಗಿರಿಜಕ್ಕ

ಇದು ನಡೆದು ಎರಡು ವರ್ಷವಾಯಿತು. ಡಿಸೆಂಬರಿನ ಮೊದಲ ವಾರ, ನಮ್ಮ ಇಳಕಲ್ಲಿನಲ್ಲಿ ಬೆಳಗಿನ ಚಳಿ ಆಗಷ್ಟೇ ಶುರುವಾಗಿತ್ತು. ಚಳಿ ಬಂತೆಂದರೆ ನಮ್ಮ ಮನೆಯವರ ಕೆಮ್ಮೂ ಬಂತು. ಅವರು, ಖಾಜಾಸಾಬರು, ಮೂವತ್ತು ವರ್ಷ ಗ್ರಾನೈಟ್ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದವರು. ಕೆಲಸ ಬಿಟ್ಟು ಆರು ವರ್ಷವಾದರೂ ಕಲ್ಲಿನ ಪುಡಿ ಅವರ ಎದೆಯನ್ನು ಬಿಟ್ಟಿರಲಿಲ್ಲ. ನಾನು ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ, ಬ್ಲೌಸ್ ಹೊಲಿಯುತ್ತೇನೆ. ಬೆಳಗಿನ ಜಾವ ಅವರು ಹಾಸಿಗೆಯ ಮೇಲೆ ಎದ್ದು ಕೂತು ಉಸಿರಿಗಾಗಿ ಒದ್ದಾಡುವಾಗ ಬೆನ್ನು ಸವರುವುದು ಬಿಟ್ಟರೆ ನನ್ನಿಂದ ಬೇರೇನೂ ಆಗುತ್ತಿರಲಿಲ್ಲ.

ಬಾಗಲಕೋಟೆಯ ಡಾಕ್ಟರು ಆ ಸಲ ಸ್ಪಷ್ಟವಾಗಿ ಹೇಳಿದರು: "ಸೈಕಲ್ ತುಳಿಯೂದು ಬಿಡಬ್ಯಾಡ್ರಿ, ಅದು ನಿಮ್ಮ ಎದಿಗೆ ಛಲೋ. ಆದ್ರ ಈ ಥಂಡಿ, ಈ ಧೂಳಿನಾಗ ಬ್ಯಾಡ. ಚಳಿ ಕಳಿಯೂತನಕ ಸಮುದ್ರದ ಕಡೆ ಎಲ್ಲಾರ ಬೆಚ್ಚಗ ಇದ್ದು ಬರ್ರಿ."

ಸೈಕಲ್ಲಿನ ವಿಷಯ ಸ್ವಲ್ಪ ಹೇಳಬೇಕು. ಕೆಲಸ ಬಿಟ್ಟ ಮೇಲೆ ಅವರು ಒಂದು ಗೇರ್ ಸೈಕಲ್ ತಂದರು. ಒಬ್ಬರೇ ಹೋಗಲು ಬೇಜಾರೆಂದು ನಲವತ್ತಾರನೇ ವಯಸ್ಸಿನಲ್ಲಿ ನನಗೂ ಶಾಲೆಯ ಮೈದಾನದಲ್ಲಿ ಹಿಂದೆ ಹಿಡಿದುಕೊಂಡು ಓಡಿ ಕಲಿಸಿದರು. ಆಮೇಲೆ ಭಾನುವಾರಗಳಂದು ಹುನಗುಂದ, ಅಮೀನಗಡ ದಾಟಿ ಐಹೊಳೆಯವರೆಗೆ ಹೋಗುತ್ತಿದ್ದೆವು. ಮೈ ಹಗುರವಾಗಿದ್ದ ದಿನ ಪಟ್ಟದಕಲ್ಲಿಗೂ ಹೋದದ್ದುಂಟು. ಅಲ್ಲಿ ಪೇರಲಹಣ್ಣು ಮಾರುವ ಅಜ್ಜಿಯೊಬ್ಬಳು ನಮ್ಮನ್ನು ಮೊದಲ ಸಲ ನೋಡಿದಾಗ, "ಗಂಡಾ ಹೆಂಡ್ತಿ ಜಗಳಾಡ್ಕೊಂಡ ಬಂದೀರೇನ? ಬ್ಯಾರೆ ಬ್ಯಾರೆ ಸೈಕಲ್ ತಂದೀರಿ!" ಎಂದು ನಗಾಡಿದ್ದಳು.

ಹೀಗಾಗಿ ನಮಗೆ ಬೇಕಾದದ್ದು ಎರಡೇ. ಬೆಚ್ಚಗಿನ ಊರಿನಲ್ಲಿ ಎರಡು ತಿಂಗಳ ಮಟ್ಟಿಗೆ ಒಂದು ಮನೆ, ಅದರ ಹತ್ತಿರ ಸೈಕಲ್ ತುಳಿಯಲು ಒಳ್ಳೆಯ ರಸ್ತೆ. ಮಗಳು ಮೊಬೈಲಿನಲ್ಲಿ ಎಷ್ಟೋ ಮನೆಗಳ ಫೋಟೋ ತೋರಿಸಿದಳು. ಎಲ್ಲದರಲ್ಲೂ ಕಡಲಿತ್ತು, ತೆಂಗಿನಮರವಿತ್ತು, ಜೋಕಾಲಿಯಿತ್ತು. ರಸ್ತೆ ಮಾತ್ರ ಒಂದರಲ್ಲೂ ಇರಲಿಲ್ಲ. ಫೋನ್ ಮಾಡಿ ರಸ್ತೆ ಹೇಗಿದೆ ಎಂದು ಕೇಳಿದರೆ, "ಬೀಚು ಎರಡೇ ನಿಮಿಷ" ಎಂಬ ಉತ್ತರ ಬರುತ್ತಿತ್ತು.

ಕೊನೆಗೆ ದಾರಿ ತೋರಿಸಿದವನು ಬೀರಪ್ಪ. ಕುಳಗೇರಿ ಕ್ರಾಸ್ ಕಡೆಯವನು, ನಮ್ಮವರ ಹಳೆಯ ಗೆಳೆಯ. ಅವನ ಮನೆಯವರು ಈಗಲೂ ಕುರಿ ಸಾಕುತ್ತಾರೆ. ಇವನು ಗೂಡ್ಸ್ ಗಾಡಿ ಇಟ್ಟುಕೊಂಡು ಕುಮಟಾಕ್ಕೆ ಉಳ್ಳಾಗಡ್ಡಿ ಹಾಕುತ್ತಾನೆ. "ವೈನಿ, ಅಲ್ಲಿ ನನಗ ಗುರ್ತಿನ ಅಂಗಡಿಯವ್ರು ಒಂದು ಮನಿ ಹೇಳ್ಯಾರ. ಮಾಳಿಗಿ ಮ್ಯಾಲಿಂದ ಸಮುದ್ರ ಕಾಣ್ತೈತಂತ. ನಾನ ಫೋನ್ ಮಾಡಿ ಮಾತಾಡೇನಿ, ನೋಡಿ ಬರೂಣು ನಡೀರಿ" ಎಂದ.

ಸೈಕಲ್ಲುಗಳನ್ನು ಉಳ್ಳಾಗಡ್ಡಿ ಚೀಲಗಳ ಮೇಲೆ ಕಟ್ಟಿಕೊಂಡು ನಸುಕಿನಲ್ಲಿ ಹೊರಟೆವು. ಘಟ್ಟ ಇಳಿಯುತ್ತಿದ್ದಂತೆ ಗಾಳಿ ಮೆತ್ತಗಾಯಿತು. ನಮ್ಮವರು ಕಿವಿಗೆ ಸುತ್ತಿದ್ದ ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಮಧ್ಯಾಹ್ನ ದಾಟಿದ ಮೇಲೆ ಕುಮಟಾ ಹತ್ತಿರದ ಆ ಊರು ತಲುಪಿದೆವು. "ಉಳ್ಳಾಗಡ್ಡಿ ಇಳಿಸಿ, ಹಂಗ ಸೈಕಲ್ ತೊಗೊಂಡ ಬರ್ತೇನಿ" ಎಂದು ಬೀರಪ್ಪ ನಮ್ಮನ್ನು ಗೇಟಿನ ಮುಂದೆ ಇಳಿಸಿ ಹೋದ.

ಮನೆಯೊಡತಿ ಗಿರಿಜಕ್ಕನಿಗೆ ಅರವತ್ತರ ಹತ್ತಿರದ ವಯಸ್ಸು. ಅಂಗನವಾಡಿ ಟೀಚರ್ ಆಗಿದ್ದವರು. ಬಾಯಾರಿಕೆಗೆ ಬೆಲ್ಲ ನೀರು ಕೊಟ್ಟು, ಮೇಲಿನ ಮನೆ ತೋರಿಸಲು ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿದರು. ಅಡುಗೆಮನೆಯ ಕಿಟಕಿ ತೆರೆದರೆ ಕಡಲು! ನಮ್ಮವರು ಕಿಟಕಿಗೆ ಮುಖ ಕೊಟ್ಟು ನಿಂತು ದೀರ್ಘವಾಗಿ ಉಸಿರೆಳೆದುಕೊಂಡರು, ಕೆಮ್ಮು ಬರಲಿಲ್ಲ. "ಶಮೀಮ್, ಇದ ನೋಡ ನಮ್ಮ ಮನಿ" ಎಂದರು. ಮುಂದಿನ ಗೇಟು ಹೆದ್ದಾರಿಗೇ ತೆರೆದುಕೊಂಡಿತ್ತು. ಕಂಡಕಂಡವರನ್ನು ರಸ್ತೆಯ ಬಗ್ಗೆ ಕೇಳಿದ್ದ ನಾವು ಕಡಲು ಕಂಡದ್ದೇ ರಸ್ತೆಯನ್ನು ಮರೆತಿದ್ದೆವು.

"ಹೆಸರು ಎಂತ ಹೇಳಿದ್ರಿ?" ಎಂದು ಗಿರಿಜಕ್ಕ ಕೇಳಿದರು. ಫೋನಿನಲ್ಲಿ ಮಾತಾಡಿದ್ದವನು ಬೀರಪ್ಪ. ನಮ್ಮ ಹೆಸರು ಅವರಿಗೆ ಗೊತ್ತಿರಲಿಲ್ಲ. "ನಾ ಶಮೀಮ್ ರೀ, ಇವರು ಖಾಜಾಸಾಬ" ಎಂದೆ. ಅವರು ತಲೆಯಾಡಿಸಿದರು. ಅಷ್ಟರಲ್ಲಿ ಕೆಳಗೆ ಹಾರ್ನ್ ಕೇಳಿಸಿತು. ಇಳಿದು ಬಂದೆವು. ಬೀರಪ್ಪ ಸೈಕಲ್ಲುಗಳನ್ನು ಅಂಗಳದಲ್ಲಿ ನಿಲ್ಲಿಸುತ್ತಿದ್ದ.

ಗಿರಿಜಕ್ಕ ಮೆಟ್ಟಿಲ ಕೊನೆಯಲ್ಲೇ ನಿಂತುಬಿಟ್ಟರು. ಮುಖದ ನಗು ಆರಿಹೋಯಿತು. "ಇಲ್ಲ. ಬೇಸರ ಮಾಡ್ಬೇಡಿ. ಮನೆ ಕೊಡುದಿಲ್ಲ" ಎಂದರು.

"ಯಾಕ್ರಿ ಅಕ್ಕಾರ, ಈಗರೆ..." ಎಂದು ಬೀರಪ್ಪ ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಹೋಗಿ ಬಾಗಿಲು ಎಳೆದುಕೊಂಡಿದ್ದರು.

ನನಗೆ ಕಾರಣ ಬೇಕಿರಲಿಲ್ಲ. ಅದು ಗೊತ್ತಿದೆ ಎಂದುಕೊಂಡೆ. ಹಿಂದಿನ ವರ್ಷ ಮಗಳಿಗಾಗಿ ಬೇರೊಂದು ಊರಿನಲ್ಲಿ ಬಾಡಿಗೆ ಮನೆ ನೋಡಿದ್ದೆವು. ಎಲ್ಲ ಮಾತಾದ ಮೇಲೆ ಹೆಸರು ಕೇಳಿದ ಯಜಮಾನರಿಗೆ, ಆ ಮನೆಗೆ ನೆಂಟರು ಬರುವವರಿದ್ದಾರೆಂದು ಒಮ್ಮೆಲೇ ನೆನಪಾಗಿತ್ತು. ಅವತ್ತು ಮಗಳ ಎದುರು ನಕ್ಕು ಸುಮ್ಮನಾಗಿದ್ದೆ. ಈ ಸಲ ನಗಲು ಆಗಲಿಲ್ಲ. ಚೀಲ ಎತ್ತಿಕೊಂಡು ಹೊರಗೆ ಬಂದೆ. ಬೀರಪ್ಪ ಸೈಕಲ್ಲುಗಳನ್ನು ಮತ್ತೆ ಗಾಡಿಗೆ ಹಾಕಿದ.

ಹೆದ್ದಾರಿಯ ಆಚೆ ಬದಿಗೆ ಒಂದು ಚಹದಂಗಡಿಯಿತ್ತು. ಅಲ್ಲಿ ಕೂತೆವು. ಬೀರಪ್ಪನ ಸಿಟ್ಟು ಇಳಿದಿರಲಿಲ್ಲ. "ನಾ ಹೋಗಿ ಕೇಳೇ ಬಿಡ್ತೇನಿ. ಹಿಂಗ ಮಾಡೂದು ಏನ್ ಛಂದ?" ಎಂದು ಎದ್ದ. ನಮ್ಮವರು ಅವನ ತೋಳು ಹಿಡಿದು ಕೂರಿಸಿದರು. "ಬ್ಯಾಡೋ. ಅವರ ಮನಿ, ಅವರ ಮರ್ಜಿ." ಅಷ್ಟು ಹೇಳಿ ಬೇರೆ ಕಡೆ ನೋಡತೊಡಗಿದರು. ಆ ತಣ್ಣಗಿನ ಮಾತಿಗೆ ನನಗೆ ಅಳು ಬಂತು. "ಊರಿಗೆ ಹೋಗೂಣ ನಡೀರಿ. ಥಂಡಿ ಆದ್ರೂ ನಮ್ಮೂರ ನಮಗ ಛಲೋ" ಎಂದೆ.

ಆಗ ಆಚೆ ಬದಿಯಲ್ಲಿ ಗಿರಿಜಕ್ಕ ಕಂಡರು. ರಸ್ತೆ ದಾಟಲು ನಿಂತಿದ್ದರು. ಲಾರಿಗಳು, ಮೀನಿನ ಗಾಡಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವರು ಒಂದು ಹೆಜ್ಜೆ ಮುಂದಿಡುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು. ರಸ್ತೆ ಖಾಲಿಯಾದಾಗಲೂ ದಾಟಲಿಲ್ಲ. ಕೈಯೆತ್ತಿ ನಮ್ಮನ್ನು ಕರೆಯುತ್ತಿದ್ದರು. ನನಗೆ ಎದ್ದು ಹೋಗುವ ಮನಸ್ಸೇ ಇರಲಿಲ್ಲ. ಆದರೆ ಅವರು ಎತ್ತಿದ ಕೈ ಇಳಿಸಲೇ ಇಲ್ಲ. ಹೋದೆ.

ನಾನು ಹತ್ತಿರ ಹೋಗುತ್ತಲೇ ಅವರು ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

"ಸೈಕಲ್ ನೋಡಿದ ಕೂಡ್ಲೆ ನನಗೆ ಬಾಯೇ ಕಟ್ಟಿಹೋಯ್ತು. ಕಾರಣ ಹೇಳ್ಲಿಕ್ಕೂ ಆಗಲಿಲ್ಲ" ಎಂದರು. ಆಮೇಲೆ ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿದರು. ಎಡಗಾಲಿನ ಮೊಣಕಾಲಿಂದ ಕೆಳಕ್ಕೆ ಹೊಲಿಗೆಯ ಉದ್ದನೆಯ ಗುರುತು. "ಇಪ್ಪತ್ತೆರಡು ವರ್ಷ ಅಂಗನವಾಡಿಗೆ ಸೈಕಲ್ಲಲ್ಲೇ ಹೋದವಳು ನಾನು. ಇಲ್ಲೇ, ಈ ಗೇಟಿನ ಎದುರೇ ಲಾರಿ ಬಡಿದದ್ದು. ನಾನು ಬದುಕಿದ್ದೇ ಹೆಚ್ಚು ಅಂದ್ರು. ನಮ್ಮ ಮನೆಯಿಂದ ಎಲ್ಲಿಗೆ ಹೋಗುದಾದ್ರೂ ಈ ರಸ್ತೆಗೇ ಇಳೀಬೇಕು. ನಿಮಗೆ ಮನೆ ಕೊಟ್ರೆ, ನೀವು ದಿನಾ ತಿರುಗಿ ಬರುವ ತನಕ ನಾನು ಗೇಟಲ್ಲಿ ನಿಂತಿರ್ಬೇಕು. ನನ್ನಿಂದ ಆಗುದಿಲ್ಲ ತಂಗಿ."

ಅವರು ಹಿಡಿದಿದ್ದ ಮುಂಗೈಯನ್ನು ನಾನು ಬಿಡಿಸಿಕೊಳ್ಳಲಿಲ್ಲ. ಬೀರಪ್ಪ, ನಮ್ಮವರು ಇಬ್ಬರೂ ಈಚೆಗೆ ಬಂದರು. ಗಿರಿಜಕ್ಕ ಅವರತ್ತ ತಿರುಗಿ, "ಹಾಗಂತ ನಿಮ್ಮನ್ನು ಹಿಂದೆ ಕಳಿಸುದಿಲ್ಲ. ಗಾಡಿ ತೆಗೀರಿ. ನಮ್ಮಣ್ಣನ ಮನೆ ಖಾಲಿ ಇದೆ, ಹೊಳೆ ಬದಿಗೆ" ಎಂದು ತಾವೇ ಮುಂದೆ ಹತ್ತಿ ಕೂತರು. ನಮ್ಮವರು ಹಿಂದೆ ಸೈಕಲ್ಲುಗಳ ಜೊತೆ ಕೂತರು.

ಹೆದ್ದಾರಿ ಬಿಟ್ಟು ಒಳಗೆ ಹೊರಳಿ, ಸುಮಾರು ದೂರ ಹೋದ ಮೇಲೆ ಹೊಳೆ ಸಿಕ್ಕಿತು. ದಾರಿಯಲ್ಲೇ ನಾನು ಗಿರಿಜಕ್ಕನಿಗೆ ನಮ್ಮವರ ಎದೆಯ ಕಷ್ಟ ಹೇಳಿದ್ದೆ. ಹೆಂಚಿನ ಮನೆ, ಎರಡು ಕೋಣೆ. ಕಡಲು ಕಾಣುವುದಿಲ್ಲ, ಸೊಳ್ಳೆಗಳಿವೆ, ನೀರು ಇಳಿದಾಗ ಕೆಸರಿನ ವಾಸನೆ. ಗಿರಿಜಕ್ಕ ಒಂದನ್ನೂ ಮುಚ್ಚಿಡದೆ ಹೇಳಿದರು. ಮನೆಯ ಒಳಗೆ ಮಾತ್ರ ಬಿಡಲಿಲ್ಲ. "ಮನೆ ಆಮೇಲೆ ನೋಡುವಾ, ಮೊದಲು ರಸ್ತೆ ನೋಡಿ" ಎಂದರು.

ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಕಟ್ಟಿದ ಒಡ್ಡು, ಅದರ ಪಕ್ಕದಲ್ಲಿ ಸಪಾಟಾದ ಡಾಂಬರು ರಸ್ತೆ. ಏರಿಲ್ಲ, ಇಳಿತವಿಲ್ಲ. ಎರಡೂ ಕಡೆ ನೀರು, ನೀರಿನಲ್ಲಿ ನಿಂತ ಬೆಳ್ಳಕ್ಕಿಗಳು. ನಮ್ಮವರು ಸೈಕಲ್ ಹತ್ತಿ ಹೋದರು. ಅವರು ಚುಕ್ಕೆಯಾಗಿ, ತಿರುವಿನಲ್ಲಿ ಕಾಣದಾದರು. ಗಿರಿಜಕ್ಕ ಕಣ್ಣು ಕಿರಿದು ಮಾಡಿಕೊಂಡು ಆ ತಿರುವನ್ನೇ ನೋಡುತ್ತ ನಿಂತರು. ಅರ್ಧ ಗಂಟೆಯಾದ ಮೇಲೆ ನಮ್ಮವರು ಬೆವರುತ್ತ, ನಗುತ್ತ ಬಂದರು.

"ದಮ್ಮು ಕಟ್ಟಿತಾ?" ಎಂದು ಕೇಳಿದವರು ನಾನಲ್ಲ, ಗಿರಿಜಕ್ಕ.

"ಇಲ್ರೀ ಅಕ್ಕಾರ. ನನಗ ದಮ್ಮ ಐತೀ ಅನ್ನೂದ ಮರತೇನಿ" ಎಂದರು ನಮ್ಮವರು.

ಜನವರಿ ಮುಗಿಯುವವರೆಗೆ ಆ ಮನೆಯಲ್ಲಿದ್ದೆವು. ಸೊಳ್ಳೆ ಪರದೆಯೊಳಗೆ ಮಲಗಿ, ಬೆಳಗಾದರೆ ಒಡ್ಡಿನ ರಸ್ತೆಗೆ ಇಳಿಯುತ್ತಿದ್ದೆವು. ಕೆಮ್ಮು ಪೂರ್ತಿ ಹೋಯಿತೆಂದು ಹೇಳುವುದಿಲ್ಲ, ಆದರೆ ಅವರು ಬೆಳಗಿನವರೆಗೆ ಎಚ್ಚರಾಗದೆ ಮಲಗತೊಡಗಿದರು. ಗಿರಿಜಕ್ಕ ವಾರಕ್ಕೊಮ್ಮೆ ಆಟೋದಲ್ಲಿ ಬರುತ್ತಿದ್ದರು. ನನ್ನ ಜೋಳದ ರೊಟ್ಟಿ ಅವರಿಗೆ, ಅವರ ಏಡಿ ಸಾರು ನಮಗೆ. ಒಂದು ದಿನ ನನ್ನ ಸೈಕಲ್ಲಿನ ಹ್ಯಾಂಡಲ್ ಮುಟ್ಟಿ ನೋಡಿದರು. "ಹತ್ರಿ ಅಕ್ಕಾರ, ನಾ ಹಿಂದ ಹಿಡೀತೇನಿ" ಎಂದೆ. "ಬೇಡ, ಹಿಡ್ಕೊಂಡು ನಡೀತೆ" ಎಂದರು. ಮಗುವಿನ ಕೈಹಿಡಿದು ನಡೆಸುವಂತೆ ಸೈಕಲ್ ತಳ್ಳಿಕೊಂಡು, ಕುಂಟುತ್ತ, ಒಡ್ಡಿನ ಕೊನೆಯವರೆಗೂ ಹೋಗಿ ಬಂದರು.

ಊರಿಗೆ ಹೊರಡುವ ಹಿಂದಿನ ದಿನ ನನಗೆ ತಡೆಯಲಾಗಲಿಲ್ಲ. ಅವತ್ತು ಅವರ ಅಂಗಳದಲ್ಲಿ ನಿಂತು ನಾನು ಏನೆಂದುಕೊಂಡಿದ್ದೆ ಎಂಬುದನ್ನು ಹೇಳಿಬಿಟ್ಟೆ. ಅವರು ಬೇಸರಪಡಬಹುದು, ಇಲ್ಲವೇ ನಕ್ಕು ಹಾರಿಸಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. "ಹಾಗೆ ಮಾಡುವವರೂ ಇದ್ದಾರಲ್ಲ ತಂಗಿ, ನಿನ್ನ ತಪ್ಪೆಂತದು? ನಾನು ಬಾಗಿಲು ಹಾಕ್ಕೊಳ್ಳುವ ಮೊದಲು ಹೇಳ್ಬೇಕಿತ್ತು" ಎಂದರು. ಆಮೇಲೆ ನನ್ನತ್ತ ತಿರುಗಿ, "ನೀನೂ ಒಂದು ಮಾತು ಕೇಳ್ಬಹುದಿತ್ತು" ಎಂದರು.

ಹೌದು, ಕೇಳಬಹುದಿತ್ತು. ಅಂದಿನಿಂದ ಯಾರಾದರೂ ಇಲ್ಲವೆಂದರೆ, ಯಾಕೆ ಎಂದು ಒಂದು ಸಲ ಕೇಳುತ್ತೇನೆ. ಕೇಳುವುದು ಸುಲಭವಲ್ಲ. ಈ ಎರಡು ವರ್ಷದಲ್ಲಿ ಒಂದು ಕಡೆ ನಾನು ಹೆದರಿದ್ದ ಉತ್ತರವೇ ಸಿಕ್ಕಿತು. ಅವತ್ತು ಮನೆಗೆ ಬಂದು ಅತ್ತೆ. ಆದರೂ ಕೇಳುವುದನ್ನು ಬಿಟ್ಟಿಲ್ಲ. ಗಿರಿಜಕ್ಕ ಕರೆಯದೇ ಹೋಗಿ, ನಾವು ಹಾಗೇ ಹೊರಟುಬಂದಿದ್ದರೆ, ನಮ್ಮ ಜೀವ ಕಾಯಲು ನೋಡಿದ ಒಬ್ಬ ಹೆಂಗಸನ್ನು ಬದುಕಿಡೀ ಕೆಟ್ಟವಳೆಂದೇ ನೆನೆಯುತ್ತಿದ್ದೆನಲ್ಲ ಎಂಬ ಅಂಜಿಕೆ ನನಗೆ ಇಂದಿಗೂ ಹೋಗಿಲ್ಲ.