ಚಿತ್ರವಿಲ್ಲದ ಆರು ನಿಮಿಷ

ವಸಂತಿಗೆ ನಾನು ಇಲ್ಲದ್ದನ್ನು ಇದೆಯೆಂದು ಹೇಳಿದೆ. ಆಮೇಲೆ ಎಲ್ಲರೆದುರು, ಹಾಗೆ ಹೇಳಲೇ ಇಲ್ಲವೆಂದೆ. ಈ ಎರಡು ಸುಳ್ಳುಗಳ ಬಗ್ಗೆ ನನಗೆ ಸಂಶಯವಿಲ್ಲ. ಉಳಿದದ್ದು — ಅದು ಯಾವ ತಿಂಗಳು, ಆರು ನಿಮಿಷವೋ ಹತ್ತೋ — ತಪ್ಪಿರಬಹುದು. ಖಾಲಿ ಜಾಗ ಕಂಡರೆ ತುಂಬಿಬಿಡುವುದು ನನ್ನ ಹಳೆಯ ಚಾಳಿ.

ವಸಂತಿ ಕಾಪುವಿನ ಚಿಕ್ಕಮ್ಮನ ಮಗಳು. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣದು. ಮೂರು ತಿಂಗಳಿಗೆ ದೊಡ್ಡವಳಾದ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಎಂಬತ್ತರ ದಶಕದ ನಡುವಿನಲ್ಲಿ ನಾವಿಬ್ಬರೂ ಕಡಿಯಾಳಿಯ ನಮ್ಮ ಮನೆಯಿಂದ ಒಂದೇ ಬಿ.ಎ. ತರಗತಿಗೆ ಹೋಗುತ್ತಿದ್ದೆವು. ಅವಳಿಗೆ ಭೂಗೋಳವೇ ಬೇಕಿತ್ತು. ನಕ್ಷೆ ಕಾಣದವಳಿಗೆ ಭೂಗೋಳ ಹೇಗೆ ಎಂದು ಅಧ್ಯಾಪಕರು ಬಹಳ ದಿನ ತಡೆದರು. ಕೊನೆಗೆ ಒಂದು ಷರತ್ತು ಹಾಕಿದರು. ಕಡಲತೀರದ ಬಗ್ಗೆ ಒಂದು ವಿಡಿಯೋ ಪಾಠ ಬಂದಿದೆ, ಅದರ ಮೇಲೆ ಅವಳು ತರಗತಿಯೆದುರು ಮಾತಾಡಬೇಕು. ಸರಿಯಾಗಿ ಮಾತಾಡಿದರೆ ಭೂಗೋಳ, ಇಲ್ಲವಾದರೆ ಬೇರೆ ವಿಷಯ.

ನಮ್ಮ ಕಾಲೇಜಿನಲ್ಲಿ ವಿಡಿಯೋ ಯಂತ್ರ ಇರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ನಾವಿಬ್ಬರೇ ಮಣಿಪಾಲದ ಕಾಲೇಜಿಗೆ ಹೋದೆವು — ಎಲ್ಲರ ಜೊತೆ ಕುಳಿತರೆ ನನ್ನ ಪಿಸುಮಾತು ಅವರಿಗೆ ತೊಂದರೆ ಎಂದು. ಅಟೆಂಡರ್ ಕ್ಯಾಸೆಟ್ ಹಾಕಿ ಚಾ ಕುಡಿಯಲು ಹೋದ. ಹಸಿರು ಪರದೆಗಳ ಆ ಕೋಣೆ ನೀರಿನೊಳಗಿದ್ದಂತಿತ್ತು. ಇಂಗ್ಲಿಷ್ ವಿವರಣೆ ನಿಂತಲ್ಲೆಲ್ಲ ನಾನು ಅವಳ ಕಿವಿಗೆ ತುಳುವಿನಲ್ಲಿ ಹೇಳುತ್ತಿದ್ದೆ — ಬಂಡೆ, ನೊರೆ, ಏಡಿಯ ಗೂಡು. ಅವಳು ಬ್ರೈಲ್ ಚೌಕಟ್ಟಿನಲ್ಲಿ ಹಾಳೆಯಿಟ್ಟು, ಬೆರಳಿಗೆ ಸಿಗುವ ಚುಕ್ಕಿಗಳನ್ನು ಟಿಕ್ ಟಿಕ್ ಎಂದು ಚುಚ್ಚಿಕೊಳ್ಳುತ್ತಿದ್ದಳು. ನಾನು ಮಾತು ನಿಲ್ಲಿಸಿದರೆ ಆ ಸದ್ದೂ ನಿಲ್ಲುತ್ತಿತ್ತು.

ಆಗ ಚಿತ್ರ ಹೋಯಿತು. ಟಿ.ವಿ. ತುಂಬ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕಿಗಳು. ಸಂಗೀತ ಮಾತ್ರ ಹರಿಯುತ್ತಲೇ ಇತ್ತು.

"ಅಕ್ಕ, ಈಗ ಎಂತ ಉಂಟು?"

ನನಗೂ ಕಾಣುವುದಿಲ್ಲ — ಇಷ್ಟೇ ಹೇಳಬೇಕಿತ್ತು. ಅವಳೆದುರು ಆ ಮಾತು ಆಡಲು ನನಗೆ ನಾಚಿಕೆಯಾಯಿತು. ನಾನು ಅವಳ ಕಣ್ಣಲ್ಲವೇ... ಹೇಳತೊಡಗಿದೆ. ಕಡಲಿಗೆ ಸೇರುವ ಮೊದಲು ಹಿಂದೆ ತಿರುಗಿ ನೋಡುವ ಹೊಳೆ. ಗುಲಾಬಿ ಬಣ್ಣಕ್ಕೆ ತಿರುಗಿದ ಮರಳದಿಣ್ಣೆ. ಒಂಟಿ ದೋಣಿ, ಅದರಲ್ಲೊಂದು ದೀಪ.

"ಹಗಲಲ್ಲೇ ದೀಪವಾ?"

"ಮಂಜು ಉಂಟಲ್ಲ."

"ನಮ್ಮ ಕಾಪುವಿನ ಹಾಗೆಯೇ ಉಂಟಲ್ವಾ ಅಕ್ಕ," ಎಂದು ನಕ್ಕಳು. ಮತ್ತೆ ಟಿಕ್ ಟಿಕ್.

ಅಷ್ಟು ಚಂದವಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಅದರ ಸುಖ ನನಗೆ ಈಗಲೂ ನೆನಪಿದೆ — ಅದನ್ನೂ ಒಪ್ಪಿಕೊಳ್ಳಬೇಕು.

ಉಳಿದವರು ಮರುವಾರ ಅಧ್ಯಾಪಕರ ಜೊತೆ ಹೋಗಿ ನೋಡಿಬಂದರು. ಅವರಿಗೆ ಚಿತ್ರ ಬಂದಿತ್ತೇ ಎಂದು ನಾನು ಕೇಳಲಿಲ್ಲ. ಕೇಳದಿದ್ದರೆ ಬಂದಿರುತ್ತದೆ ಎಂಬಂತೆ.

ತರಗತಿಯಲ್ಲಿ ವಸಂತಿ ಹಾಳೆಯ ಮೇಲೆ ಬೆರಳಿಟ್ಟು ನಿಂತಳು. ಅಲೆ ಬಂಡೆಯನ್ನು ಹೇಗೆ ಕೊರೆಯುತ್ತದೆ, ಮರಳು ಎಲ್ಲಿಂದ ಬರುತ್ತದೆ — ಎಷ್ಟು ಸ್ಪಷ್ಟವಾಗಿ ಹೇಳಿದಳು! ಅಧ್ಯಾಪಕರು ತಲೆದೂಗುತ್ತಿದ್ದರು. ಆಮೇಲೆ ದೋಣಿ ಬಂತು.

"ದೋಣಿ ಯಾವಾಗ ಬಂತು ಮಾರಾಯ?" ಹಿಂದಿನ ಬೆಂಚಿನಲ್ಲಿ ಯಾರೋ ಕೇಳಿದರು.

"ನೀನು ಗೊರಕೆ ಹೊಡೀತಾ ಇದ್ದಿಯಲ್ಲ, ಆಗ," ಎಂದ ಪಕ್ಕದವನು.

ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಅಧ್ಯಾಪಕರು ನಗಲಿಲ್ಲ. "ಅಲ್ಲಿ ಚಿತ್ರವೇ ಇಲ್ಲವಲ್ಲಮ್ಮ, ಕ್ಯಾಸೆಟ್ ಹಾಳು. ನಾವೆಲ್ಲ ನೋಡಿದ್ದು ಬರೀ ಬಿಳಿ ಚುಕ್ಕಿ," ಎಂದರು. ಮತ್ತೆ ನನ್ನ ಕಡೆ ತಿರುಗಿ, "ನೀವಾ ಹೇಳಿಕೊಟ್ಟದ್ದು?"

"ನಾನಲ್ಲ ಸರ್. ಅವಳೇ ಅಂದುಕೊಂಡಿರಬೇಕು."

ವಸಂತಿ ನನ್ನ ಧ್ವನಿಯತ್ತ ಮುಖ ತಿರುಗಿಸಿದಳು. ಈಗ ಹೇಳುತ್ತಾಳೆ, ಈಗ — ಎಂದು ಕಾದೆ. ಅವಳು ಹಾಳೆಯನ್ನು ಮೇಜಿನ ಮೇಲೆಯೇ ಬಿಟ್ಟು ಬಂದು ಕುಳಿತಳು. ಮರುದಿನದಿಂದ ಭೂಗೋಳದ ತರಗತಿಗೆ ನಾನೊಬ್ಬಳೇ ಹೋದೆ.

ಆ ಹಾಳೆ ಇಷ್ಟು ವರ್ಷ ನನ್ನ ಪೆಟ್ಟಿಗೆಯಲ್ಲಿತ್ತು. ನನಗೆ ಬ್ರೈಲ್ ಓದಲು ಬಾರದು; ಎಸೆಯಲೂ ಆಗಲಿಲ್ಲ. ಅವಳೀಗ ಕಾರ್ಕಳದಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಕಳೆದ ತಿಂಗಳು ಹೋಗಿ ಹಾಳೆಯನ್ನು ಅವಳ ಕೈಗಿಟ್ಟು ಎಲ್ಲವನ್ನೂ ಹೇಳಿದೆ: ಚಿತ್ರ ಬಂದಿರಲಿಲ್ಲ, ದೋಣಿ ನನ್ನದು, ನಿನ್ನ ಭೂಗೋಳ ಹೋದದ್ದು ನನ್ನಿಂದ.

ಅವಳು ಸವೆದ ಚುಕ್ಕಿಗಳನ್ನು ನಿಧಾನವಾಗಿ ತಡವಿದಳು. ಒಂದು ಕಡೆ ಬೆರಳು ನಿಂತಿತು. "ದೋಣಿ ಇಲ್ಲೇ ಉಂಟು," ಎಂದಳು.

ಆಗ ಕೇಳಿದೆ: "ಅವತ್ತು ನೀನು ನನ್ನ ಹೆಸರು ಯಾಕೆ ಹೇಳಲಿಲ್ಲ ವಸಂತಿ?"

ಅವಳ ಬೆರಳು ಮುಂದಿನ ಸಾಲಿಗೆ ಹೋಯಿತು.