ನಲವತ್ತೊಂದನೆಯ ಕಾರ್ಡು

ಕೋಲಾರದ ಟೊಮೆಟೊ ಮಂಡಿಯಲ್ಲಿ ಚನ್ನರಾಯಪ್ಪನ ಗಂಟಲು ಗೊತ್ತಿಲ್ಲದವರಿಲ್ಲ. ಮೂವತ್ತು ವರ್ಷದಿಂದ ಹರಾಜು ಕೂಗುವುದೇ ಅವನ ಕೆಲಸ. ಬಾಕ್ಸುಗಳ ಸಾಲಿನ ಮೇಲೆ ಹತ್ತಿ ನಿಂತು ‘ಒಂದ್ ಸಾರಿ, ಎರಡ್ ಸಾರಿ’ ಎಂದು ಕೂಗಿ, ಮೂರನೆಯದನ್ನು ಬಾಯಲ್ಲೇ ಇಟ್ಟುಕೊಂಡು ಸುತ್ತಲೂ ಒಮ್ಮೆ ನೋಡುತ್ತಾನೆ. ಆ ಒಂದು ಗಳಿಗೆ ಬೀಡಿ ಸೇದುವವನೂ ಹೊಗೆ ಬಿಡುವುದನ್ನು ಮರೆತು ನಿಲ್ಲುತ್ತಾನೆ. ಮಂಡಿಯವರು ಇಷ್ಟು ವರ್ಷ ಅವನ ಸಿಟ್ಟು, ಬೈಗುಳ, ಟವಲು ಒದರಿಕೊಂಡು ಎದ್ದುಹೋಗುವ ಚಾಳಿ ಎಲ್ಲವನ್ನೂ ಸಹಿಸಿಕೊಂಡಿರುವುದು ಆ ಒಂದು ಗಳಿಗೆಗೋಸ್ಕರ.

ಅವನು ಓದಿದ್ದು ನಾಲ್ಕನೇ ಕ್ಲಾಸು. ಓದುವ ಹುಚ್ಚು ಮಾತ್ರ ಎಂ.ಎ. ಮಾಡಿದವರಿಗೂ ಇರಲಿಕ್ಕಿಲ್ಲ. ಲೋಡು ಬರುವುದು ತಡವಾದರೆ ಖಾಲಿ ಬಾಕ್ಸೊಂದನ್ನು ಮಗುಚಿ ಹಾಕಿಕೊಂಡು ಕೂತು ಪತ್ತೇದಾರಿ ಕಾದಂಬರಿ ಓದುತ್ತಿದ್ದ. ಹಳೇ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯೊಂದರಿಂದ ದಿನಬಾಡಿಗೆಗೆ ತಂದ, ರಟ್ಟು ಕಿತ್ತುಹೋದ, ಹತ್ತು ಜನರ ಎಣ್ಣೆ ಕೈ ಹತ್ತಿದ ಪುಸ್ತಕಗಳು. ಒಂದು ಸಲ ಮೊದಲ ಪುಟದಲ್ಲೇ ಯಾರೋ ಪಾಪಿ ‘ಕೊಂದವನು ಡಾಕ್ಟರ್’ ಎಂದು ಪೆನ್ನಿನಲ್ಲಿ ಬರೆದಿಟ್ಟಿದ್ದ. ಚನ್ನರಾಯಪ್ಪ ಆ ಪುಸ್ತಕವನ್ನು ಅಂಗಡಿಯವನ ಮುಖಕ್ಕೇ ಎಸೆದ.

“ಊಟಕ್ಕೆ ಕೂರೋಕ್ ಮುಂಚೇನೇ ಎಲೆ ಎತ್ಬಿಟ್ರೆ ಹೆಂಗ್ಲಾ? ಬಾಡಿಗೆ ಯಾವ ಮುಖ ಇಟ್ಕೊಂಡು ಕೇಳ್ತೀಯ?”

ಅವನಿಗೆ ಒಬ್ಬಳೇ ತಂಗಿ, ಮುನಿಗಂಗಮ್ಮ. ಶ್ರೀನಿವಾಸಪುರದ ಆಚೆ, ಮಾವಿನ ತೋಪುಗಳ ನಡುವಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅವಳನ್ನು ಸ್ಕೂಲಿಗೆ ಸೇರಿಸಿದ ವರ್ಷವೇ ಅಣ್ಣನ ಸ್ಲೇಟು ಒಡೆದಿತ್ತು. ಅಪ್ಪ ಅವಳ ಸ್ಲೇಟನ್ನು ಇವನ ಕೈಗೆ ಕೊಟ್ಟು, ಅವಳ ಕೈಗೆ ಕುರಿ ಹೊಡೆಯುವ ಕೋಲು ಕೊಟ್ಟ. ಅಲ್ಲಿಗೆ ಅವಳ ವಿದ್ಯೆ ಮುಗಿಯಿತು.

ಚನ್ನರಾಯಪ್ಪ ತಂಗಿಗೆ ಆಗಾಗ ಪೋಸ್ಟ್‌ಕಾರ್ಡ್ ಹಾಕುತ್ತಿದ್ದ. ಫೋನು ಬಂದಿತ್ತು, ನಿಜ. ಆದರೆ ಅವಳ ಮನೆಯ ಫೋನು ಗಂಡನ ಜೇಬಿನಲ್ಲಿರುತ್ತಿತ್ತು. ಕಾರ್ಡು ಅವಳ ಹೆಸರಿಗೇ ಬರುತ್ತಿತ್ತು. ಆರನೇ ಕ್ಲಾಸಿನಲ್ಲಿದ್ದ ಮಗಳು ದಿವ್ಯ ಓದಿ ಹೇಳುತ್ತಿದ್ದಳು. ನಾವು ಕ್ಷೇಮ, ನೀವು ಕ್ಷೇಮವೇ, ಮಳೆ ಇಲ್ಲ, ಸುನಂದ ಕೇಳಿದಳೆಂದು ತಿಳಿಯುವುದು. ಸುನಂದ ಅವನ ಹೆಂಡತಿ. ಒಂದು ಸಲ ಇಷ್ಟು ಬರೆದ ಮೇಲೂ ಕಾರ್ಡಿನಲ್ಲಿ ಜಾಗ ಉಳಿಯಿತು. ಅವನಿಗೆ ಏನು ತೋಚಿತೋ, ಕೆಳಗೆ ಬರೆದ: ‘ನಮ್ಮ ರೋಡಿನ ರಾಗಿ ಮಿಲ್ಲಿನಲ್ಲಿ ಮಾಲೀಕನ ಹೆಣ ಬಿದ್ದಿದೆ. ಬಾಗಿಲಿಗೆ ಒಳಗಿನಿಂದ ಚಿಲಕ. ಮಿಲ್ಲು ಮಾತ್ರ ತಿರುಗುತ್ತಲೇ ಇದೆ.’

ನಾಲ್ಕನೇ ದಿನ ಬೆಳಿಗ್ಗೆ ಮುನಿಗಂಗಮ್ಮ ಮೊದಲ ಬಸ್ಸಿಗೇ ಕೋಲಾರಕ್ಕೆ ಬಂದು, ಮಂಡಿಯಲ್ಲಿ ಬಾಕ್ಸು ಬಾಕ್ಸು ದಾಟಿಕೊಂಡು ಅವನ ಮುಂದೆ ಏದುಸಿರು ಬಿಡುತ್ತಾ ನಿಂತಳು.

“ಅಣ್ಣ, ಪೊಲೀಸ್ನೋರು ನಿನ್ನೇನಾದ್ರೂ ಕೇಳಿದ್ರಾ?”

“ಲೇ ಪೆದ್ದಿ, ಅದು ಕಥೆ ಕಣೇ!”

“ಯಾರ್ ಬರ್ದಿದ್ದು?”

“ನಾನೇ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬಸ್ಸಿನ ಚಾರ್ಜು ದಂಡವಾಯಿತೆಂದು ಬೈಯಬಹುದಿತ್ತು. ಬೈಯಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಹಂಗಾದ್ರೆ ಸಾಯ್ಸಿದ್ದು ಯಾರಣ್ಣ?”

ಜನ ಬಾಯಿ ತೆರೆದು ತನ್ನನ್ನೇ ನೋಡುವುದು ಚನ್ನರಾಯಪ್ಪನಿಗೆ ಹೊಸದಲ್ಲ. ಆದರೆ ಅವರೆಲ್ಲ ಕಾಯುತ್ತಿದ್ದುದು ಟೊಮೆಟೊಗೆ. ತನ್ನ ತಲೆಯೊಳಗೆ ಇರುವುದಕ್ಕೆ ಒಬ್ಬರು ಹೀಗೆ ಕಾದದ್ದು ಅದೇ ಮೊದಲು. ಅವನ ಎದೆ ಉಬ್ಬಿತು. “ಕಾರ್ಡು ಬರ್ತದೆ, ಹೋಗು” ಎಂದ.

ಅಲ್ಲಿಂದ ವಾರಕ್ಕೊಂದು ಕಾರ್ಡು, ಮೂಲೆಯಲ್ಲಿ ನಂಬರು ಹಾಕಿ. ಆ ಕಥೆಯಲ್ಲಿ ಕೊಲೆ ಪತ್ತೆ ಮಾಡುವವನು ಪೊಲೀಸಿನವನಲ್ಲ, ಬಸ್ ಕಂಡಕ್ಟರ್. ಯಾರು ಯಾವ ಸ್ಟಾಪಿನಲ್ಲಿ ಹತ್ತಿದರು, ಎಲ್ಲಿಗೆ ಟಿಕೆಟ್ ತಗೊಂಡರು, ಎಲ್ಲಿ ಇಳಿದರು ಎಂಬುದೆಲ್ಲ ಅವನಿಗೆ ವರ್ಷಗಟ್ಟಲೆ ನೆನಪಿರುತ್ತದೆ. ಅನುಮಾನ ಇದ್ದದ್ದು ನಾಲ್ವರ ಮೇಲೆ: ಸತ್ತವನ ಹೆಂಡತಿ, ಸತ್ತವನ ಅಣ್ಣ, ಮಿಲ್ಲಿನ ಆಳು, ದಿನಾ ಮಜ್ಜಿಗೆ ಕೊಡಲು ಬರುತ್ತಿದ್ದ ಮುದುಕಿ. ಪ್ರತಿ ಕಾರ್ಡನ್ನೂ ಅವನು ಹರಾಜಿನ ಹಾಗೆಯೇ ಎರಡನೇ ಸಾರಿಗೆ ನಿಲ್ಲಿಸುತ್ತಿದ್ದ. ಬೆರಳು ಶಾಯಿ ಮಾಡಿಕೊಂಡು, ಸಣ್ಣ ಅಕ್ಷರದಲ್ಲಿ ಅಂಚಿನವರೆಗೂ ಬರೆಯುತ್ತಾ ಕೂತಾಗ ಸುನಂದ ಕರೆದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಕಾರ್ಡಿಗೆ ಲಕೋಟೆ ಇಲ್ಲ. ಇಲ್ಲಿಯ ಪೋಸ್ಟ್‌ಮನ್ ಉಮೇಶ ಓದಿದ. ಅಲ್ಲಿಯ ಪೋಸ್ಟ್‌ಮನ್ ಓದಿದ. ಅವನು ಶಾಮಲಮ್ಮನ ಅಂಗಡಿಯಲ್ಲಿ ಕಾರ್ಡು ಕೊಟ್ಟು ಹೋಗುವವನು. ಶಾಮಲಮ್ಮ ಅಂಗಡಿಗೆ ಬಂದವರ ಕೈಲಿ ಓದಿಸಿದಳು. ಕೊನೆಗೆ ಮುನಿಗಂಗಮ್ಮನ ಜಗುಲಿಯ ಮೇಲೆ ಶನಿವಾರ ಶನಿವಾರ ಇಪ್ಪತ್ತು ಜನ ಕೂರುವಂತಾಯಿತು. ದಿವ್ಯ ಕಂಬಕ್ಕೆ ಒರಗಿ ನಿಂತು ಗಟ್ಟಿಯಾಗಿ ಓದುತ್ತಿದ್ದಳು. “ಅಯ್ಯೋ ದೇವುಡಾ, ಹೆಂಡ್ತೀನೇ ಕಣ್ರೇ, ಬರ್ದಿಟ್ಕೊಳ್ಳಿ!” ಎಂದು ಶಾಮಲಮ್ಮ ಪ್ರತಿ ವಾರವೂ ತೊಡೆ ತಟ್ಟಿ ಹೇಳುತ್ತಿದ್ದಳು. ಓದಿ ಮುಗಿದ ಕಾರ್ಡನ್ನು ಮುನಿಗಂಗಮ್ಮ ಗೋಡೆಯ ಮೊಳೆಗೆ ನೇತುಹಾಕಿದ ತಂತಿಗೆ ಚುಚ್ಚಿಡುತ್ತಿದ್ದಳು.

ನಲವತ್ತನೇ ಕಾರ್ಡಿನಲ್ಲಿ ‘ಕೊಂದವರ ಹೆಸರು ಮುಂದಿನ ವಾರ’ ಎಂದು ಬರೆದ. ಬರೆದವನೇ ಬೆವತ. ಯಾಕೆಂದರೆ ಕೊಂದದ್ದು ಯಾರೆಂದು ಅವನಿಗೇ ಗೊತ್ತಿರಲಿಲ್ಲ. ಒಳಗಿನಿಂದ ಚಿಲಕ ಹಾಕಿಬಿಟ್ಟಿದ್ದ. ಕೊಂದವರು ಹೊರಗೆ ಹೋದದ್ದು ಹೇಗೆ? ಓದಿದ ಅಷ್ಟು ಪುಸ್ತಕಗಳೂ ಅವನ ನೆರವಿಗೆ ಬರಲಿಲ್ಲ. ಎರಡು ವಾರ ಕಾರ್ಡು ಹೋಗಲಿಲ್ಲ.

ಆಗ ಅಲ್ಲಿಂದ ಒಂದು ಕಾರ್ಡು ಬಂತು, ದಿವ್ಯಳ ಗುಂಡು ಅಕ್ಷರದಲ್ಲಿ: ‘ಅಣ್ಣಾ, ಎಲ್ಲರೂ ಕಾಯುತ್ತಿದ್ದೇವೆ. ಇದೆಲ್ಲ ಯಾವುದೋ ಪುಸ್ತಕ ನೋಡಿ ಬರೆದದ್ದು, ಆ ಪುಸ್ತಕ ಕಳೆದುಹೋಗಿರಬೇಕು ಎಂದು ಇವರು ಹೇಳುತ್ತಾರೆ. ಹೌದಾ ಅಣ್ಣಾ?’

ಇವರು ಎಂದರೆ ಮುನಿಗಂಗಮ್ಮನ ಗಂಡ. ಚನ್ನರಾಯಪ್ಪನಿಗೆ ಸಿಟ್ಟು ನೆತ್ತಿಗೇರಿತು. ನಿಂತ ಕಾಲಲ್ಲೇ ನಲವತ್ತೊಂದನೆಯ ಕಾರ್ಡು ಬರೆದು ಡಬ್ಬಿಗೆ ಹಾಕಿ ಬಂದ. ಅದರಲ್ಲಿದ್ದದ್ದು ಕಥೆಯಲ್ಲ, ಬೈಗುಳ. ಏನೇನು ಬರೆದೆನೆಂಬುದು ಒಂದು ವಾರ ಕಳೆಯುವಷ್ಟರಲ್ಲಿ ಅವನ ತಲೆಯಲ್ಲಿ ಉಳಿದಿರಲಿಲ್ಲ. ಒಂದು ಮಾತ್ರ ಉಳಿದಿತ್ತು, ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಕಾರ್ಡು ಡಬ್ಬಿಗೆ ಬಿದ್ದಾಗ ಅವನಿಗೆ ನೆಮ್ಮದಿಯಾಗಿತ್ತು. ಸದ್ಯ, ಇನ್ನು ಕೊಲೆಗಾರನನ್ನು ಹುಡುಕಬೇಕಾಗಿಲ್ಲ.

ಅಲ್ಲಿಗೆ ಹದಿಮೂರು ವರ್ಷ ಮಾತು ನಿಂತಿತು. ದಿವ್ಯಳ ಮದುವೆಗೆ ಸೋದರಮಾವ ಹೋಗಲಿಲ್ಲ. “ಕರೆಯೋಕೆ ಅವ್ಳು ಬರ್ಬೇಕಿತ್ತು, ಪತ್ರಿಕೆ ಕಳ್ಸಿದ್ರೆ ಹೋಗೋಕೆ ನಾನೇನ್ ಬೀದೀಲ್ ಬಿದ್ದಿದ್ದೀನಾ?” ಎಂದು ಸುನಂದಳ ಮೇಲೆ ಹಾರಾಡಿದ. ಅವಳೊಬ್ಬಳೇ ಹೋಗಿ ಬಂದಳು. ಅವನು ಮತ್ತೆ ಕಥೆ ಬರೆಯಲಿಲ್ಲ. ಪುಸ್ತಕ ಓದಲು ಕೂತರೂ ಅರ್ಧಕ್ಕೆ ಬರುವ ಹೊತ್ತಿಗೆ ತನ್ನದೇ ಮಿಲ್ಲಿನ ಬಾಗಿಲು ಕಣ್ಣ ಮುಂದೆ ಬರುತ್ತಿತ್ತು. ಹೆಂಡತಿಯೇ? ಅಣ್ಣನೇ? ಆ ಚಿಲಕ ಹಾಕಿದ್ದು ಯಾರು? ಬಸ್ಸಿನಲ್ಲಿ, ಮಂಡಿಯಲ್ಲಿ, ಸ್ನಾನದ ನೀರು ಕಾಯಿಸುವಾಗ ಅದೇ ಯೋಚನೆ. ಬಾಡಿಗೆ ಪುಸ್ತಕದ ಅಂಗಡಿ ಮುಚ್ಚಿ ಮೊಬೈಲ್ ರಿಪೇರಿ ಅಂಗಡಿಯಾಯಿತು. ಅವನು ಆ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ಹೋದ ತಿಂಗಳು ಪೋಸ್ಟ್‌ಮನ್ ಉಮೇಶ ಬಂದು ಬಾಗಿಲಲ್ಲಿ ನಿಂತು ನಕ್ಕ. “ಏಮಣ್ಣಾ, ಬಹಳ ವರ್ಷಕ್ಕೆ ನಿನಗೊಂದು ಕಾರ್ಡು. ಮಿಲ್ಲಿನ ವಿಷಯ.”

“ಓದಿಬಿಟ್ಯಾ? ಮಾನ ಮರ್ಯಾದೆ ಐತೇನ್ಲಾ ನಿಂಗೆ?”

ಒಂದೊಂದು ಅಕ್ಷರವೂ ಹೆಬ್ಬೆರಳಿನಷ್ಟು ದಪ್ಪ. ಸಾಲು ಕೆಳಕ್ಕೆ ಇಳಿದಿತ್ತು. ‘ಅಣ್ಣ, ಕೊಂದಿದ್ದು ಯಾರು ಅಂತ ನನಗೆ ಗೊತ್ತಾಯಿತು. ಬಾ. ಮುನಿಗಂಗಮ್ಮ.’

ದಿವ್ಯಳ ಕೈಯಲ್ಲ. ಯಾರ ಕೈ? ಮೂರನೇ ದಿನ ಮಂಡಿಗೆ ರಜೆ ಹಾಕಿ ಶ್ರೀನಿವಾಸಪುರದ ಬಸ್ಸು ಹತ್ತಿದ. ತಂಗಿಯನ್ನು ನೋಡಲು ಹೋಗುತ್ತಿದ್ದೇನೆ ಎಂದು ಸುನಂದಳಿಗೆ ಹೇಳಿದ. ಅವನಿಗೆ ಬೇಕಾಗಿದ್ದದ್ದು ಆ ಹೆಸರು.

ಮುನಿಗಂಗಮ್ಮ ಬಾಗಿಲಲ್ಲೇ ಇದ್ದಳು. ತಲೆ ಅರ್ಧ ನೆರೆತಿತ್ತು, ಮೂಗಿನ ಮೇಲೆ ಕನ್ನಡಕ ಬಂದಿತ್ತು. “ಬಾಣ್ಣ, ಕೂತ್ಕೋ” ಎಂದಳು. ಕಾಲಿಗೆ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು. ಬಾವ ಇರಲಿಲ್ಲ, ತೋಪಿಗೆ ಹೋಗಿದ್ದರು.

“ಕಾರ್ಡು ಯಾರ್ ಕೈಲಿ ಬರ್ಸಿದ್ದು?”

“ನಾನೇ ಬರ್ದೆ. ದಿವ್ಯ ಮದ್ವೆಯಾಗಿ ಮಾಲೂರಿಗೆ ಹೋದ್ಲು. ಆಮೇಲೆ ಈ ತಂತೀಲಿರೋದನ್ನ ಓದೋರು ಮನೇಲಿ ಯಾರೂ ಇರ್ಲಿಲ್ಲ. ಅಂಗನವಾಡೀಲಿ ಮಧ್ಯಾಹ್ನ ಹೆಂಗಸ್ರಿಗೆ ಅಕ್ಷರ ಹೇಳ್ಕೊಡ್ತಿದ್ರು. ಹೋದೆ. ಮೊಮ್ಮಕ್ಕಳ ವಯಸ್ಸಿನ ಮಕ್ಳು ಕಿಟಕೀಲಿ ನಿಂತ್ಕೊಂಡು ನಗೋವು. ನಕ್ರೆ ನಗ್ಲಿ ಅಂತ ಹೋದೆ.”

ಗೋಡೆಯಿಂದ ತಂತಿ ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಕಾರ್ಡುಗಳು ಹಳದಿಯಾಗಿದ್ದವು. ಚನ್ನರಾಯಪ್ಪ ಮುಂದಕ್ಕೆ ಬಾಗಿದ. “ಹೇಳು, ಯಾರು?”

“ಇರು. ಮೊದ್ಲು ಇದನ್ನ ಕೇಳು.”

ಅವಳು ಎಲ್ಲಕ್ಕಿಂತ ಮೇಲಿನ ಕಾರ್ಡು ತೆಗೆದಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಏರಿಳಿತವಿಲ್ಲದ ದನಿಯಲ್ಲಿ ಓದತೊಡಗಿದಳು. ‘ಮುನಿಗಂಗಮ್ಮನಿಗೆ. ಕಥೆ ನಿಂತಿತು. ನಿನ್ನ ಗಂಡ ಹುಟ್ಟಿದ ಮೇಲೆ ಒಂದು ಹಾಳೆ ಓದಿದವನಲ್ಲ. ನೀನು ಹೆಬ್ಬೆಟ್ಟು. ಕುರಿ ಕಾದವಳಿಗೆ ಕಥೆ ಹೇಳಿದ್ದು ನನ್ನ ತಪ್ಪು. ಇನ್ನು ಮೇಲೆ ನಿನಗೆ ತಿಳಿದ ಕಥೆ ನಿನ್ನ ಕುರಿಗಳಿಗೇ ಹೇಳಿಕೊ. ಚನ್ನರಾಯಪ್ಪ.’

‘ಹೆಬ್ಬೆಟ್ಟು’ ಎಂಬಲ್ಲಿ ಒತ್ತಕ್ಷರಕ್ಕೆ ತಡವರಿಸಿ ಅವಳು ಎರಡು ಸಲ ಓದಿದಳು. ಚನ್ನರಾಯಪ್ಪ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟ. ತಾನು ಇಷ್ಟು ಬರೆದಿದ್ದನೇ?

“ಅವತ್ತು ಶನಿವಾರ” ಎಂದಳು ಮುನಿಗಂಗಮ್ಮ. “ಎರಡು ವಾರ ಕಾರ್ಡಿರ್ಲಿಲ್ಲ ಅಂತ ಇಪ್ಪತ್ತಕ್ಕೆ ಮೂವತ್ತು ಜನ. ಮಗು ಒಂದೇ ಉಸಿರಲ್ಲಿ ಓದ್ಬಿಡ್ತು, ಕಥೆ ಅಂತ. ಅರ್ಧಕ್ಕೆ ನಿಲ್ಸಿ ನನ್ ಮುಖ ನೋಡ್ತು. ಶಾಮಲಮ್ಮ, ‘ಆಮೇಲೆ? ಓದಮ್ಮಾ’ ಅಂದ್ಲು. ಓದ್ತು. ಆಮೇಲೆ ಒಂದು ವರ್ಷ ಬಾವಿ ಹತ್ರ ನನ್ನ ‘ಕುರಿ ಕಥೆ’ ಅಂತ ಕರೆದ್ರು.” ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು. “ಸ್ಲೇಟು ಯಾರದ್ದಣ್ಣ?”

ಅವನು ನೆಲ ನೋಡಿಕೊಂಡು, “ಗಂಗಮ್ಮಾ, ಏನೋ ಸಿಟ್ಟು... ತಪ್ಪಾ...” ಎಂದು ಶುರು ಮಾಡಿದ.

ಅವಳು ಕೈ ಅಡ್ಡ ಹಿಡಿದಳು. “ಇಲ್ಲಿ ಬೇಡಣ್ಣ. ನಾಲ್ಕು ಗೋಡೆ ಮಧ್ಯೆ ನೀನು ಹೇಳ್ಬೇಡ, ನಾನು ಕೇಳಲ್ಲ. ಆ ಮಾತು ಕಾರ್ಡಲ್ಲಿ ಬಂತು. ಈ ಮಾತೂ ಕಾರ್ಡಲ್ಲೇ ಬರ್ಲಿ. ಪೋಸ್ಟ್‌ಮನ್ ಓದ್ಲಿ, ಶಾಮಲಮ್ಮ ಓದಿಸ್ಲಿ. ಜಗುಲಿ ಮೇಲೆ ನಿಂತು ನಾನೇ ಎಲ್ರಿಗೂ ಓದ್ತೀನಿ. ಅವತ್ತು ಕೊಂದೋರ ಹೆಸ್ರು ನಿನಗೆ ಬರ್ದು ಹಾಕ್ತೀನಿ.”

“ಲೇ, ಕಥೆ ಬರ್ದೋನು ನಾನು! ನನಗೇ ಷರತ್ತು ಹಾಕ್ತೀಯಾ? ನನಗೆ ಗೊತ್ತಿಲ್ವಾ ಅದು ಯಾರು ಅಂತ?”

“ಗೊತ್ತಿದ್ರೆ ಮೂರು ಗಂಟೆ ಬಸ್ಸಿದೆ, ಹೊರಡು.”

ಅವನು ಕೂತೇ ಇದ್ದ. ಅವಳಿಗೆ ಅಷ್ಟೇ ಸಾಕಾಗಿತ್ತು.

“ಹದಿನೇಳನೇ ಕಾರ್ಡಲ್ಲಿದೆ ಕಣಣ್ಣ. ನೀನೇ ಬರ್ದಿದ್ದೀಯ, ನಿನಗೇ ಕಾಣ್ಸಿಲ್ಲ.”

ಚನ್ನರಾಯಪ್ಪ ತಂತಿ ಕಿತ್ತುಕೊಂಡ. ಕಾರ್ಡುಗಳನ್ನು ಸರಸರನೆ ಮಗುಚಿದ. ಹತ್ತೊಂಬತ್ತು, ಹದಿನೆಂಟು, ಹದಿನಾರು. ಹದಿನೇಳು ಇರಲಿಲ್ಲ. ಅದರಲ್ಲಿ ಏನು ಬರೆದಿದ್ದೆ ಎಂದು ಎಷ್ಟು ತಿಣುಕಿದರೂ ಅವನಿಗೆ ಹೊಳೆಯಲಿಲ್ಲ. ಮುನಿಗಂಗಮ್ಮ ತಂತಿಯನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮೊಳೆಗೆ ನೇತುಹಾಕಿದಳು. ಬಸ್‌ಸ್ಟಾಪಿನವರೆಗೂ ಬಂದು, ಸುನಂದ ಅತ್ತಿಗೆಗೆ ಎಂದು ಒಂದು ಚೀಲ ಮಾವಿನಕಾಯಿ ಕೊಟ್ಟು ಕಳಿಸಿದಳು.

ಕೋಲಾರದ ಪೋಸ್ಟಾಫೀಸಿನಲ್ಲಿ ಅವನು ಹತ್ತು ಕಾರ್ಡು ಕೊಂಡ. ಮೊದಲನೆಯದರಲ್ಲಿ, ಅವತ್ತು ತನಗೆ ಯಾಕೆ ಸಿಟ್ಟು ಬಂತೆಂಬುದನ್ನೇ ಅಂಚಿನವರೆಗೂ ಬರೆದ. ಓದಿ ನೋಡಿ ಹರಿದ. ಎರಡನೆಯದರಲ್ಲಿ ‘ತಪ್ಪು ನಿಮ್ಮ ಕಡೆಯಿಂದಲೂ’ ಎಂದು ಶುರು ಮಾಡಿ ಅದನ್ನೂ ಹರಿದ. ಮೂರನೆಯದಕ್ಕೆ ಬರೀ ವಿಳಾಸ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಬರೆಯಬೇಕಾದದ್ದು ಒಂದೇ ಒಂದು ಮಾತು. ಬರೆದರೆ ಉಮೇಶ ಓದುತ್ತಾನೆ. ಓದಿದವನು ಊರಿಗೆಲ್ಲ ಹೇಳುತ್ತಾನೆ. ಅಲ್ಲಿ ಜಗುಲಿಯ ಮೇಲೆ ಜನ ಕೂರುತ್ತಾರೆ. ಅವನ ಕಥೆಯನ್ನು ನಲವತ್ತು ವಾರ ಹೊತ್ತು ಮೆರೆಸಿದ್ದು ಅದೇ ದಾರಿ, ಅದೇ ಜನ.

ಇವತ್ತು ಬೆಳಿಗ್ಗೆ ಮಂಡಿ ಜಾತ್ರೆಯ ಹಾಗಿತ್ತು. ಬಾಕ್ಸುಗಳ ಮೇಲೆ ನಿಂತು ಚನ್ನರಾಯಪ್ಪ ಕೂಗಿದ, “ಒಂದ್ ಸಾರಿ! ಎರಡ್ ಸಾರಿ!” ಎಲ್ಲರೂ ಅವನ ಬಾಯಿ ನೋಡಿದರು. ಅವನು ಬಾಯಿ ತೆರೆದುಕೊಂಡು ಹಾಗೆಯೇ ನಿಂತ. ಯಾವತ್ತಿನ ಗಳಿಗೆಗಿಂತ ಬಹಳ ಹೊತ್ತು ನಿಂತ.

“ಲೇ ಚನ್ನಾ, ನಿದ್ದೆ ಬಂತೇನ್ಲಾ? ಮುಗ್ಸು!” ಎಂದು ಯಾರೋ ಹಿಂದಿನಿಂದ ಕೂಗಿದರು, ಜನ ನಕ್ಕರು.

“ಯಾವನ್ಲಾ ಅವ್ನು?” ಎಂದು ಅವನು ಅಲ್ಲಿಂದಲೇ ಬೈದು, ಮೂರನೇ ಸಾರಿ ಕೂಗಿ ಕೆಳಗಿಳಿದ. ಜೇಬಿಗೆ ಕೈ ಹಾಕಿದರೆ ಕಾರ್ಡು ಬೆವರಿಗೆ ನೆನೆದು ಮೆತ್ತಗಾಗಿತ್ತು. ವಿಳಾಸದ ಶಾಯಿ ಅಂಗಿಗೆ ಹತ್ತಿತ್ತು. ಅದನ್ನು ಮುದುರಿ ಕೊಳೆತ ಟೊಮೆಟೊ ರಾಶಿಯ ಮೇಲೆ ಎಸೆದ. ಮನೆಯಲ್ಲಿ ಇನ್ನೂ ಏಳು ಉಳಿದಿವೆ.