ಅತ್ತಿಗೆ ಆರಿಸಿದ ಸ್ಪೀಕರ್

ನನ್ನ ಗಂಡನ ಅಕ್ಕನಿಗೆ ನಮ್ಮ ಬೀದಿಯಲ್ಲೆಲ್ಲ ಮೆಷಿನ್ ಡಾಕ್ಟರು ಎಂದೇ ಹೆಸರು. ನನಗೆ ಅವರು ಅತ್ತಿಗೆ. ಹೊಲಿಗೆ ಮೆಷಿನ್ ಕೆಟ್ಟಿತೆಂದರೆ ಜನ ಹುಡುಕಿಕೊಂಡು ಬರುತ್ತಿದ್ದುದು ನಮ್ಮ ಮನೆಯ ಗ್ಯಾರೇಜಿಗೆ. ಆ ಗ್ಯಾರೇಜನ್ನು ನಮ್ಮ ಮಾವ ಕಟ್ಟಿಸಿದ್ದು ಕಾರಿಗೆ. ಕಾರು ಕೊನೆಗೂ ಬರಲಿಲ್ಲ. ಬಂದದ್ದು ಅತ್ತಿಗೆಯ ಉದ್ದನೆಯ ಮೇಜು, ಎಣ್ಣೆ ಡಬ್ಬಿ, ಬೆಲ್ಟು ಸಡಿಲಾದ, ದಾರ ನುಂಗುವ, ಸೂಜಿ ಮುರಿಯುವ ಮೆಷಿನ್ನುಗಳು. ಬಟ್ಟೆ ಇಡದೆ, ದಾರ ಹಾಕದೆ ಖಾಲಿ ಮೆಷಿನ್ ಓಡಿಸಿ, ಕಣ್ಣು ಮುಚ್ಚಿ ಅದರ ಸದ್ದು ಕೇಳುವುದು ಅವರ ಮೊದಲ ಪರೀಕ್ಷೆ. ಸದ್ದಿನಲ್ಲೇ ರೋಗ ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು.

ಇಪ್ಪತ್ತಾರು ವರ್ಷ ಅಲ್ಲೇ ಕೂತು ದುಡಿದರು. ತಮ್ಮನನ್ನು ಓದಿಸಿದ್ದು, ಅವನು ಡ್ರೈವಿಂಗ್ ಸ್ಕೂಲ್ ಶುರು ಮಾಡಿದಾಗ ಬೆನ್ನಿಗೆ ನಿಂತದ್ದು ಎಲ್ಲ ಆ ಮೇಜಿನಿಂದಲೇ. ಅತ್ತೆ ಸಾಯುವ ಮುಂಚೆ ಮನೆಯನ್ನು ಮಗನ ಹೆಸರಿಗೆ ಬರೆದರು. ‘ಗ್ಯಾರೇಜ್ ಮಾತ್ರ ಅವಳದ್ದು ಕಣೋ’ ಎಂದು ನನ್ನೆದುರಿಗೇ ಹೇಳಿದರು. ‘ಹೂಂ ಅಮ್ಮ’ ಎಂದ ನನ್ನ ಗಂಡ. ‘ಅವನು’ ಎನ್ನುತ್ತಿದ್ದೇನೆ, ಹೌದು. ಎದುರಿಗೆ ‘ರೀ’ ಎಂದು ಕರೆಯುತ್ತೇನೆ, ಬರೆಯುವಾಗ ಅಷ್ಟು ಮರ್ಯಾದೆ ನನ್ನ ಪೆನ್ನಿನಿಂದ ಹೊರಡುತ್ತಿಲ್ಲ.

ಕಳೆದ ವರ್ಷ ಗ್ಯಾರೇಜಿನ ಹಳೇ ರೇಡಿಯೋ ನಾಲ್ಕನೇ ಸಲ ನೆಲಕ್ಕೆ ಬಿದ್ದು ಪ್ರಾಣ ಬಿಟ್ಟಿತು. ಹಾಡಿಲ್ಲದೆ ಅತ್ತಿಗೆಗೆ ಕೈ ಓಡುವುದಿಲ್ಲ. ವೈರಿಲ್ಲದ ಸ್ಪೀಕರ್ ಒಂದನ್ನು ಕೊಳ್ಳುವುದು ಎಂದಾಯಿತು. ಅವರು ಸೂಜಿ ಕೊಂಡರೂ ಅಳೆದು ತೂಗಿ ಕೊಳ್ಳುವವರು, ಇನ್ನು ಸ್ಪೀಕರ್ ಕೇಳಬೇಕೇ! ಮೂರು ವಾರ ನನ್ನ ತಲೆ ತಿಂದರು. ಮೇಜಿನಿಂದ ಸಿಮೆಂಟ್ ನೆಲಕ್ಕೆ ಬಿದ್ದರೂ ಬದುಕಬೇಕು. ಗ್ಯಾರೇಜಿನಲ್ಲಿ ಹಾರುವ ನೂಲಿನ ಧೂಳು ಒಳಗೆ ಹೋಗಬಾರದು. ಎಣ್ಣೆ ಕೈಯಲ್ಲಿ ಒತ್ತುವಂಥ ದಪ್ಪ ಗುಂಡಿಗಳಿರಬೇಕು. ಬೆಲೆ ಐದು ಮೆಷಿನ್ ಸರ್ವಿಸ್ ಮಾಡಿದ ದುಡ್ಡು ದಾಟಬಾರದು. ಮದುವೆಗೆ ಗಂಡು ಹುಡುಕುವಾಗಲೂ ನಮ್ಮಪ್ಪ ಇಷ್ಟು ಕೇಳಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿಯವನು ಬಣ್ಣಬಣ್ಣದ ದೀಪ ಕುಣಿಯುವ ಒಂದನ್ನು ಮುಂದಿಟ್ಟ. ಅತ್ತಿಗೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

‘ಒಳಗೇನೋ ಲೊಡಲೊಡ ಅಂತಿದೆ. ಬೇಡ. ದೀಪ ಹಾಕೋ ದುಡ್ಡನ್ನ ಸ್ಕ್ರೂಗೆ ಹಾಕಿಲ್ಲ ಇವರು.’

ಆಮೇಲೆ ಇಟ್ಟಿಗೆಯಂತಿದ್ದ ಒಂದನ್ನು ಎತ್ತಿಕೊಂಡರು. ಮುಂದೆ ಕಬ್ಬಿಣದ ಜಾಲರಿ, ನಾಲ್ಕೂ ಮೂಲೆಗೆ ದಪ್ಪ ರಬ್ಬರು. ಜಾಲರಿಯನ್ನು ಉಗುರಿನಿಂದ ಒತ್ತಿದರು. ಚಾರ್ಜಿಂಗ್ ತೂತಿನ ಮುಚ್ಚಳವನ್ನು ಹತ್ತು ಸಲ ತೆಗೆದು ಹಾಕಿದರು.

‘ಒಂದ್ಸಲ ಬೀಳಿಸಿ ನೋಡ್ಲಾ?’

‘ಅಮ್ಮಾ, ದುಡ್ಡು ಕೊಟ್ಟಾದ್ಮೇಲೆ ಮಾಳಿಗೆ ಮೇಲಿಂದ ಬೇಕಾದ್ರೂ ಎಸೀರಿ’ ಎಂದ ಅವನು.

ಅತ್ತಿಗೆಗೆ ನಿಜವಾಗಿ ಇಷ್ಟವಾದದ್ದು ಪಕ್ಕದಲ್ಲಿದ್ದ ಇನ್ನೊಂದು. ಅದನ್ನು ನಾಲ್ಕು ಮೊಳೆ ಹೊಡೆದು ಗೋಡೆಗೇ ಕೂರಿಸಬೇಕು, ಬೀಳುವ ಮಾತೇ ಇಲ್ಲ. ಬೆಲೆಯೂ ಕಡಿಮೆ. ಅದನ್ನೇ ಕಟ್ಟಿಕೊಡಿ ಎನ್ನುವಷ್ಟರಲ್ಲಿ ತಮ್ಮನಿಗೊಂದು ಮಾತು ಕೇಳೋಣ ಎನಿಸಿ ಫೋನ್ ಮಾಡಿದರು. ಆ ಕಡೆಯಿಂದ ಅವನು ಹೇಳಿದ್ದು ನನಗೂ ಕೇಳಿಸಿತು.

‘ಅಕ್ಕಾ, ಗೋಡೆಗೆ ಹೊಡೆಯೋದು ಬೇಡ. ಎತ್ಕೊಂಡು ಹೋಗೋ ಥರದ್ದೇ ತಗೋ. ನಾಳೆ ಎಲ್ಲಿ ಬೇಕಾದ್ರೂ ಇಟ್ಕೋಬಹುದು.’

‘ನೋಡು, ಎಷ್ಟು ಮುಂದಾಲೋಚನೆ’ ಎಂದು ಅತ್ತಿಗೆ ನನ್ನತ್ತ ತಿರುಗಿ ಹೆಮ್ಮೆಪಟ್ಟರು. ಇಟ್ಟಿಗೆಯನ್ನೇ ತಂದೆವು.

ಸಂಜೆ ನನ್ನ ಗಂಡ ಅದನ್ನು ತನ್ನ ಫೋನಿಗೆ ಜೋಡಿಸಿ ಹಾಡು ಹಾಕಿ ತೋರಿಸಿದ. ಆಮೇಲೆ ಅತ್ತಿಗೆಯ ಫೋನಿಗೂ ಜೋಡಿಸಿಕೊಟ್ಟ. ತನ್ನ ಫೋನಿನ ಜೋಡಣೆ ತೆಗೆಯುವುದನ್ನು ಮರೆತ. ಅತ್ತಿಗೆ ಅದನ್ನು ನನ್ನೆದುರಿಗೇ ಎರಡು ಸಲ ನೆಲಕ್ಕೆ ಬೀಳಿಸಿದರು. ಎರಡು ಸಲವೂ ಹಾಡು ನಿಲ್ಲಲಿಲ್ಲ. ಅವತ್ತು ಅವರಷ್ಟು ಸಂತೋಷವಾಗಿದ್ದವರು ಈ ಬೀದಿಯಲ್ಲೇ ಇರಲಿಲ್ಲ.

ಹತ್ತು ದಿನ ಕಳೆದಿರಬೇಕು. ಬೆಳಗಿನ ಹತ್ತು ಗಂಟೆ. ಅತ್ತಿಗೆ ಫೋನು ಆರಿಹೋಗಿದೆ ಎಂದು ಮಹಡಿಯಲ್ಲಿ ಚಾರ್ಜಿಗೆ ಹಾಕಿ ಬಂದು, ಅಭ್ಯಾಸಬಲದಿಂದ ಸ್ಪೀಕರಿನ ಗುಂಡಿ ಒತ್ತಿದರು. ನಾನು ಟೀ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬೆಳಗಿನ ಕ್ಲಾಸು ಮುಗಿಸಿ ಬಂದ ನನ್ನ ಗಂಡ ಗೋಡೆಯಾಚೆ ನಡುಮನೆಯಲ್ಲಿ ತಿಂಡಿ ತಿನ್ನುತ್ತಿದ್ದ. ಅವನ ಫೋನು ರಿಂಗಾಯಿತು. ರಿಂಗು ನಮ್ಮ ಸ್ಪೀಕರಿನಲ್ಲೂ ಬಂತು. ಅತ್ತಿಗೆಯ ಫೋನು ಸಿಗದೆ ಅದು ಅವನ ಫೋನಿಗೆ ಅಂಟಿಕೊಂಡಿತ್ತು. ನಾವು ಮುಖ ಮುಖ ನೋಡಿಕೊಂಡು ನಕ್ಕೆವು. ಅಷ್ಟರಲ್ಲಿ ಗುರುತಿಲ್ಲದ ಒಂದು ಗಂಡು ದನಿ ಗ್ಯಾರೇಜಿನ ತುಂಬ ಮಾತಾಡಿತು.

‘ಸಾರ್, ನಮ್ಮ ಫ್ರಿಜ್‌ಗಳ ಲೋಡು ಒಂದನೇ ತಾರೀಕು ಬರುತ್ತೆ. ಗೋಡೌನ್ ಖಾಲಿ ಇರಬೇಕು. ನಿಮ್ಮ ಅಕ್ಕನಿಗೆ ಹೇಳಿದ್ರಾ? ಅವರದೇನು ದೊಡ್ಡ ಕೆಲಸ ಅಲ್ಲ, ಯಾವುದಾದ್ರೂ ಮೂಲೇಲಿ ಕೂತ್ಕೊಂಡು ಮಾಡ್ಕೋತಾರೆ ಅಂದಿದ್ರಲ್ಲ...’

ಒಳಗೆ ನನ್ನ ಗಂಡ ‘ಹಲೋ, ಹಲೋ’ ಎನ್ನುತ್ತಲೇ ಇದ್ದ. ಅವನ ಕಿವಿಗೆ ಏನೂ ಕೇಳುತ್ತಿರಲಿಲ್ಲ. ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಹೊಳೆದ ಮೇಲೆ ಫೋನಿನಲ್ಲಿ ಏನೋ ಒತ್ತಿದ. ಸ್ಪೀಕರು ಸುಮ್ಮನಾಯಿತು.

ಗ್ಯಾರೇಜನ್ನು ಗೋಡೌನ್ ಎಂದು ಕರೆದದ್ದು ನನಗೆ ಮುಖಕ್ಕೆ ಹೊಡೆದಂತಾಯಿತು. ಅತ್ತಿಗೆ ಮಾತ್ರ ಕೈಯಲ್ಲಿದ್ದ ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ನನ್ನ ಗಂಡ ಇಂಗು ತಿಂದ ಮಂಗನಂತೆ ಬಾಗಿಲಲ್ಲಿ ಬಂದು ನಿಂತ.

‘ಹೇಳೋಣ ಅಂತಾನೇ ಇದ್ದೆ ಅಕ್ಕಾ. ಟೈಮ್ ನೋಡ್ಕೊಂಡು...’

‘ಗೋಡೆಗೆ ಹೊಡೀಬೇಡ ಅಂದೆಯಲ್ಲ, ಅವತ್ತಿಗೇ ಮಾತಾಗಿತ್ತಾ?’

ಅವನು ನೆಲ ನೋಡಿದ. ಮಾತಾಗಿತ್ತು. ಗ್ಯಾರೇಜನ್ನು ಬಾಡಿಗೆಗೆ ಕೊಟ್ಟು ಅಕ್ಕನನ್ನು ಅಲ್ಲಿಂದ ಎಬ್ಬಿಸುವುದು ಗೊತ್ತಿದ್ದೂ ಅಕ್ಕನಿಗೆ ಸಲಹೆ ಕೊಟ್ಟಿದ್ದ. ಆ ಸಲಹೆಯನ್ನೇ ಆಕೆ ಅಂಗಡಿಯಲ್ಲಿ ನಿಂತು ಮೆರೆಸಿದ್ದರು! ‘ಅತ್ತೆಗೆ ಮಾತು ಕೊಟ್ಟಿದ್ರಿ ಅಲ್ವೇನ್ರೀ?’ ಎಂದು ಕೂಗಿದೆ. ‘ಬರೆದು ಕೊಟ್ಟಿದ್ನಾ?’ ಎಂದ. ಹದಿನಾಲ್ಕು ವರ್ಷ ಸಂಸಾರ ಮಾಡಿದ ಮನುಷ್ಯ ಇವನೇನಾ ಎನಿಸಿತು.

ಅವನು ಹೋದ ಮೇಲೆ ಅತ್ತಿಗೆ ನನ್ನನ್ನು ಕೇಳಿದರು, ‘ನಿನಗೆ ಗೊತ್ತಿತ್ತಾ?’

‘ಇಲ್ಲ ಅತ್ತಿಗೆ. ನಿಮ್ಮಾಣೆ.’

‘ಹೋದ ತಿಂಗಳು ಅವನು ಇಲ್ಲಿ ಅಳತೆ ತಗೊಂಡಾಗ ಟೇಪಿನ ಆ ಕಡೆ ತುದಿ ಹಿಡಿದಿದ್ದು ನೀನು ಕಣೇ. ಮೆಟ್ಟಿಲಿಳೀತಾ ನಾನೇ ನೋಡಿದ್ದೆ.’

ಹಿಡಿದಿದ್ದೆ. ಒಳಗಡೆ ಬಣ್ಣ ಹೊಡೆಸೋಣ, ಗೋಡೆ ಎಷ್ಟಿದೆ ನೋಡೋಣ ಎಂದಿದ್ದ. ಅಕ್ಕನಿಗೆ ಖುಷಿಯಾಗುತ್ತೆ, ಈಗಲೇ ಹೇಳಬೇಡ ಎಂದೂ ಅಂದಿದ್ದ. ಒಳ್ಳೆಯ ಗುಟ್ಟೊಂದು ನನ್ನ ಹತ್ತಿರ ಇದೆಯೆಂದು ಹದಿನೈದು ದಿನ ಬೀಗುತ್ತಾ ಓಡಾಡಿದ್ದೆ. ಇದನ್ನೆಲ್ಲ ಅತ್ತಿಗೆಗೆ ಹೇಳಿದೆ. ಹೇಳುತ್ತಿದ್ದಂತೆಯೇ ನನ್ನ ಕಿವಿಗೇ ಅದು ಕಟ್ಟಿದ ಕಥೆಯಂತೆ ಕೇಳಿಸಿತು. ಅವರು ಪೂರ್ತಿ ಕೇಳಿಸಿಕೊಂಡು, ‘ಟೀ ಆರಿಹೋಯ್ತು’ ಎಂದಷ್ಟೇ ಹೇಳಿದರು.

ಅತ್ತಿಗೆ ಒಂದನೇ ತಾರೀಕಿನವರೆಗೂ ಕಾಯಲಿಲ್ಲ. ಮೂರೇ ದಿನದಲ್ಲಿ ಗಾಡಿ ಕರೆಸಿ ಮೇಜು, ಮೆಷಿನ್ನು, ಡಬ್ಬಿಗಳ ಜೊತೆ ತಮ್ಮ ಬಟ್ಟೆಬರೆಯನ್ನೂ ಹೇರಿಸಿದರು. ಸ್ಪೀಕರನ್ನಾದರೂ ಇಲ್ಲೇ ಬಿಟ್ಟು ಹೋಗಿ, ಅದರ ಮುಖ ನೋಡಲು ನಿಮಗೆ ಕಷ್ಟ ಎಂದೆ. ‘ಯಾಕೆ? ಈ ಮನೇಲಿ ನನಗೆ ನಿಜ ಹೇಳಿದ್ದು ಅದೊಂದೇ’ ಎಂದು ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದರು. ‘ಬರ್ತೀನಿ’ ಎನ್ನಲಿಲ್ಲ.

ಆಮೇಲೆ ಫೋನ್ ಮಾಡಿದರೆ ಎತ್ತಲಿಲ್ಲ. ಗಂಡನ ಮೋಸಕ್ಕೆ ಗಂಡನ ಮೇಲೆ ರೇಗಬಹುದು, ಅನ್ನ ಬೇಯಿಸದೆ ಕೂರಬಹುದು. ಎರಡನ್ನೂ ಮಾಡಿದೆ. ಆದರೆ ಅವನು ನನ್ನ ಕೈಯಿಂದಲೇ ಆಕೆಯ ಜಾಗ ಅಳೆಸಿದ್ದಕ್ಕೆ ಯಾರ ಮೇಲೆ ರೇಗುವುದು?

ಮೊನ್ನೆ ನನ್ನ ಮೆಷಿನ್ನಿನ ದಾರ ಬಿಗಿ ಮಾಡುವ ಸ್ಕ್ರೂವನ್ನು ನಾನೇ ತಿರುಗಿಸಿ ಕೆಡಿಸಿದೆ. ಆಟೋದಲ್ಲಿಟ್ಟುಕೊಂಡು ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಗೆ ಹೋದೆ. ಈಗ ಅತ್ತಿಗೆ ಕೂರುವುದು ಅಲ್ಲಿ. ನನ್ನ ಮುಂದೆ ಇಬ್ಬರಿದ್ದರು, ಸರದಿ ಬರುವವರೆಗೂ ಸ್ಟೂಲಿನ ಮೇಲೆ ಕೂತೆ. ಅತ್ತಿಗೆ ಮೆಷಿನ್ ತಿರುಗಿಸಿ ಆ ಸ್ಕ್ರೂ ನೋಡಿದರು. ಬೇಕೆಂದೇ ತಿರುಗಿಸಿದ್ದು ಎಂದು ಅವರಿಗೆ ತಿಳಿಯದೆ ಇರುತ್ತದೆಯೇ?

‘ಅತ್ತಿಗೆ, ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ’ ಎಂದೆ.

‘ಗುರುವಾರ ಬನ್ನಿ, ಆಗಿರುತ್ತೆ’ ಎಂದು ಚೀಟಿ ಪುಸ್ತಕ ಎಳೆದುಕೊಂಡರು. ಪೆನ್ನಿನ ಕ್ಯಾಪು ತೆಗೆದರು. ತಲೆ ಎತ್ತದೆ ಕೇಳಿದರು, ‘ಹೆಸರು?’

ಹಿಂದೆ ಇನ್ನೊಬ್ಬರು ಮೆಷಿನ್ ಹೊತ್ತು ನಿಂತಿದ್ದರು. ನಾನು ನನ್ನ ಹೆಸರು ಹೇಳಿದೆ.